ಅಳಿವಿನ ಪಟ್ಟಿಯೂ ಮಣ್ಣಿನ ಪಾತ್ರೆಯೂ: ಕಪಿಲಾ ತೀರದ ಸಭೆಗಳ ನೆಲೆಯಿಂದ ಒಂದು ವಿಮರ್ಶೆ

ಬ್ರಿಟನ್ನಿನಲ್ಲಿ ನೆಲೆಯುಳ್ಳ ಡಿಜಿಟಲ್ ಪ್ರಿಸರ್ವೇಶನ್ ಕೊಯಲಿಷನ್ ಎಂಬ ಸಂಸ್ಥೆಯು 2017ರ ನವೆಂಬರಿನಲ್ಲಿ ‘ಬಿಟ್ ಲಿಸ್ಟ್’ ಎಂಬ ಪಟ್ಟಿಯೊಂದನ್ನು ಮೊದಲ ಬಾರಿಗೆ ಹೊರತಂದಿತು. ಅಳಿವಿನಂಚಿನ ಪ್ರಾಣಿಪಕ್ಷಿಗಳ ಕೆಂಪು ಪಟ್ಟಿಯ ಮಾದರಿಯನ್ನು ಅನುಸರಿಸಿ, ನಷ್ಟವಾಗುವ ಅಪಾಯದಲ್ಲಿರುವ ಡಿಜಿಟಲ್ ಸಾಮಗ್ರಿಯ ಬಗೆಗಳನ್ನು ಗುರುತಿಸಿ, ಸ್ಥಿತಿಗೆ ತಕ್ಕಂತೆ ಅವುಗಳನ್ನು ದರ್ಜೆಗಳಲ್ಲಿ ಇರಿಸುವುದು ಈ ಪಟ್ಟಿಯ ಕಾರ್ಯ. ಯಾರು ಬೇಕಾದರೂ ಒಂದು ಬಗೆಯನ್ನು ಸೂಚಿಸಬಹುದು. ತಜ್ಞರ ಮಂಡಳಿಯು ಅದನ್ನು ತೂಗಿನೋಡಿ ದುರ್ಬಲವೋ, ಅಪಾಯದಲ್ಲಿದೆಯೋ, ತೀವ್ರ ಅಪಾಯದಲ್ಲಿದೆಯೋ, ಬಹುತೇಕ ಅಳಿದೇ ಹೋಗಿದೆಯೋ ಎಂದು ನಿರ್ಣಯಿಸುತ್ತದೆ. ತೀವ್ರ ಅಪಾಯದ ದರ್ಜೆಗೆ ಬಂದುದಕ್ಕೆ ಹನ್ನೆರಡು ತಿಂಗಳೊಳಗೆ ಏನಾದರೂ ಮಾಡಬೇಕೆಂಬ ಎಚ್ಚರಿಕೆಯೂ ಜೊತೆಗಿರುತ್ತದೆ. ಗ್ರಂಥಪಾಲಕರಿಗೂ ದಾಖಲೆ ಭಂಡಾರದವರಿಗೂ ಸಂಬಂಧಿಸಿದ ಈ ಬರಹವನ್ನು ದೈವಶಾಸ್ತ್ರದ ಪತ್ರಿಕೆಯಲ್ಲಿ ವಿಮರ್ಶೆಗೆ ಎತ್ತಿಕೊಳ್ಳುವುದೇಕೆಂದು ಓದುಗರು ಕೇಳಬಹುದು. ನಂಜನಗೂಡು, ತಿ. ನರಸೀಪುರ ತಾಲ್ಲೂಕುಗಳಂಥ ಸೀಮೆಯಲ್ಲಿ ಕ್ರೈಸ್ತ ಸಭೆಯ ಕಳೆದ ಕಾಲು ಶತಮಾನದ ನೆನಪು ಬಹುಪಾಲು ಈ ಪಟ್ಟಿ ಹೆಸರಿಸುವ ಬಗೆಯ ಸಾಮಗ್ರಿಯಲ್ಲಿಯೇ ನೆಲೆಸಿದೆ. ಅದು ಉಳಿಯಬೇಕೆ, ಯಾವುದು ಉಳಿಯಬೇಕು, ಯಾರ ಸಮ್ಮತಿಯಿಂದ ಉಳಿಯಬೇಕು ಎಂಬವು ತಂತ್ರಜ್ಞರಿಗೆ ಬಿಟ್ಟುಕೊಡತಕ್ಕ ಪ್ರಶ್ನೆಗಳಲ್ಲ. ಇದೇ ನಮ್ಮ ಉತ್ತರ.

ಮೊದಲು ಸಂಗತಿಯನ್ನು ನೋಡೋಣ. 2020ರ ಮಾರ್ಚ್ 25ರಂದು ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಅದೇ ವಾರ ನಂಜನಗೂಡಿನ ಔಷಧ ಕಾರ್ಖಾನೆಯೊಂದರ ನೌಕರರಲ್ಲಿ ಕೊರೊನಾ ಸೋಂಕು ಕಾಣಿಸಿಕೊಂಡಿತು. ಮೈಸೂರು ಜಿಲ್ಲೆಯ ಆರಂಭದ ಪ್ರಕರಣಗಳಲ್ಲಿ ಬಹುಪಾಲು ಆ ಒಂದು ಕಾರ್ಖಾನೆಗೆ ಸಂಬಂಧಿಸಿದವಾಗಿದ್ದವು. ನಂಜನ್ನು ಕುಡಿದವನ ಹೆಸರನ್ನು ಹೊತ್ತ ಊರು ರಾಜ್ಯದ ಸುದ್ದಿಯಲ್ಲಿ ರೋಗದ ಹೆಸರಾಗಿಯೇ ಓಡಾಡಿತು. ಏಪ್ರಿಲ್ 5ರಂದು ಗರಿಗಳ ಭಾನುವಾರ, 10ರಂದು ಶುಭ ಶುಕ್ರವಾರ, 12ರಂದು ಪುನರುತ್ಥಾನದ ಹಬ್ಬ. ದೇವಾಲಯಗಳು ಬೀಗ ಹಾಕಿದ್ದವು. ಸಭಾಪಾಲಕರು ತಮ್ಮ ಮನೆಯ ಕೋಣೆಯಲ್ಲಿ ಕುಳಿತು ಫೋನಿಗೆ ಪ್ರಸಂಗ ಮಾಡಿದರು. ಅದು ವಾಟ್ಸಾಪ್ ಗುಂಪುಗಳ ಮೂಲಕ ಮನೆಮನೆಗೆ ಹೋಯಿತು. ಸಾಧ್ಯವಿದ್ದವರು ಫೇಸ್‌ಬುಕ್ಕಿನಲ್ಲಿಯೂ ಯೂಟ್ಯೂಬಿನಲ್ಲಿಯೂ ನೇರವಾಗಿ ಆರಾಧನೆ ನಡೆಸಿದರು. ಸಭೆ ಕೂಡದೆ ಪುನರುತ್ಥಾನವನ್ನು ಸಾರುವುದೆಂದರೇನು, ಕರ್ತನ ಮೇಜಿಲ್ಲದ ಹಬ್ಬಕ್ಕೆ ಯಾವ ಮಾತು ಒದಗುತ್ತದೆ, ನೆರೆಯವರು ಮುಖ ತಿರುಗಿಸುವಾಗ ನೆರೆಯವರನ್ನು ಪ್ರೀತಿಸೆಂದು ಹೇಗೆ ಹೇಳಬೇಕು ಎಂಬ ಪ್ರಶ್ನೆಗಳಿಗೆ ಸಿದ್ಧ ಉತ್ತರ ಯಾವ ವ್ಯಾಖ್ಯಾನ ಗ್ರಂಥದಲ್ಲಿಯೂ ಇರಲಿಲ್ಲ. ಹೀಗಾಗಿ ಆ ಕೆಲವು ವಾರಗಳ ಹಳ್ಳಿಯ ಪ್ರಸಂಗಗಳೂ ಪ್ರಾರ್ಥನೆಗಳೂ ನಮ್ಮ ಕಾಲದ ಕನ್ನಡ ದೈವಶಾಸ್ತ್ರದ ಮೂಲ ಆಕರಗಳಾಗಿವೆ. ಸೆಮಿನರಿಯ ಪೀಠದಿಂದ ಬಂದ ಮಾತಿಗಿಂತ ಅವುಗಳ ತೂಕ ಕಡಿಮೆಯೆಂದು ನಾವು ಎಣಿಸುವುದಿಲ್ಲ.

ಅವು ಈಗ ಎಲ್ಲಿವೆ? ವಾಟ್ಸಾಪ್ ಸಂಸ್ಥೆಯು ಧ್ವನಿ ಸಂದೇಶಗಳನ್ನು ತನ್ನ ಸರ್ವರಿನಲ್ಲಿ ಶಾಶ್ವತವಾಗಿ ಇಟ್ಟುಕೊಳ್ಳುವುದಿಲ್ಲ. ಅವು ಇರುವುದು ಕಳುಹಿಸಿದವರ ಮತ್ತು ಕೇಳಿದವರ ಫೋನುಗಳಲ್ಲಿ. ಆ ಫೋನು ಬಿದ್ದು ಒಡೆದಾಗ, ಜಾಗ ಸಾಲದೆಂದು ಮಗ ಹಳೆಯದನ್ನೆಲ್ಲ ಅಳಿಸಿದಾಗ, ಅವೂ ಹೋಗುತ್ತವೆ. ಫೇಸ್‌ಬುಕ್ಕಿನ ಮಾತು ಇನ್ನೂ ಕಠಿಣ. 2025ರ ಫೆಬ್ರುವರಿ 19ರಿಂದ ಆ ಸಂಸ್ಥೆಯು ನೇರಪ್ರಸಾರದ ವಿಡಿಯೊಗಳನ್ನು 30 ದಿನ ಮಾತ್ರ ಇಟ್ಟುಕೊಂಡು ಆಮೇಲೆ ತೆಗೆದುಹಾಕುವ ನಿಯಮವನ್ನು ತಂದಿತು; ಹಳೆಯ ನೇರಪ್ರಸಾರಗಳ ಒಡೆಯರಿಗೆ ಸೂಚನೆ ಕೊಟ್ಟು, ಇಳಿಸಿಕೊಳ್ಳಲು 90 ದಿನಗಳ ಅವಕಾಶವನ್ನೂ, ಕೇಳಿಕೊಂಡವರಿಗೆ ಇನ್ನು ಆರು ತಿಂಗಳ ಮುಂದೂಡಿಕೆಯನ್ನೂ ಕೊಟ್ಟಿತು. ಸೂಚನೆ ಹೋದದ್ದು ಖಾತೆಯ ಒಡೆಯರಿಗೆ. ನಮ್ಮ ಸಭೆಗಳಲ್ಲಿ ಖಾತೆಯ ಒಡೆಯರು ಯಾರು? ಅನೇಕ ಕಡೆ ಅದು ಆಗ ಅಲ್ಲಿದ್ದು ಈಗ ಬೇರೆ ಸಭೆಗೆ ವರ್ಗವಾಗಿರುವ ಪಾಲಕರ ಸ್ವಂತ ಖಾತೆ. ಇಲ್ಲವೇ ಯುವಕ ಸಂಘದಲ್ಲಿದ್ದು ಈಗ ಬೆಂಗಳೂರಿನಲ್ಲಿ ಕೆಲಸಕ್ಕಿರುವ ಹುಡುಗನದು. ಗೂಗಲ್ ಸಂಸ್ಥೆಯೂ 2023ರ ಡಿಸೆಂಬರಿನಿಂದ ಎರಡು ವರ್ಷ ಬಳಸದೆ ಬಿಟ್ಟ ವೈಯಕ್ತಿಕ ಖಾತೆಗಳನ್ನು ಅಳಿಸುವ ನಿಯಮವನ್ನು ಜಾರಿಗೆ ತಂದಿದೆ. ನಿಧನರಾದ ಪಾಲಕರ ಪ್ರಸಂಗದ ಟಿಪ್ಪಣಿಗಳು ಅವರ ಅಂಚೆಪೆಟ್ಟಿಗೆಯಲ್ಲಿಯೇ ಉಳಿದಿದ್ದರೆ, ಅವರ ಮರಣಾನಂತರ ಎರಡು ವರ್ಷಕ್ಕೆ ಅವುಗಳಿಗೂ ಮರಣ ಬಂದೀತು.

ಬಿಟ್ ಲಿಸ್ಟಿನ ಹೆಚ್ಚುಗಾರಿಕೆ ಇಲ್ಲಿ ತಿಳಿಯುತ್ತದೆ. ಡಿಜಿಟಲ್ ನಷ್ಟವೆಂದರೆ ಯಂತ್ರ ಕೆಡುವುದು ಎಂಬ ಸಾಮಾನ್ಯ ತಿಳಿವಳಿಕೆಯನ್ನು ಅದು ಬಿಡಿಸುತ್ತದೆ. ಸಾಮಗ್ರಿ ಯಾರ ವಶದಲ್ಲಿದೆ, ಅದನ್ನು ಕಾಯುವುದು ಯಾರ ಕರ್ತವ್ಯವೆಂದು ಎಲ್ಲಿಯಾದರೂ ಬರೆದಿದೆಯೇ, ಉಚಿತವಾಗಿ ಜಾಗ ಕೊಟ್ಟ ಸಂಸ್ಥೆ ಮನಸ್ಸು ಬದಲಿಸಿದರೆ ಗತಿಯೇನು ಎಂದು ಅದು ಕೇಳುತ್ತದೆ. ಉಚಿತ ಸಾಮಾಜಿಕ ಜಾಲತಾಣಗಳಲ್ಲಿ ಇಟ್ಟದ್ದನ್ನೂ, ಸಮುದಾಯಗಳು ತಾವೇ ಕೂಡಿಸಿಕೊಂಡದ್ದನ್ನೂ ಅದು ಗಂಭೀರವಾದ ಅಪಾಯದಲ್ಲಿವೆಯೆಂದು ಎಣಿಸಿದೆ. ಹೀಗೆ ನೋಡಿದರೆ ಸಭೆಯ ವಿಡಿಯೊ ಅಪಾಯದಲ್ಲಿರುವುದಕ್ಕೆ ಕಾರಣ ಅದು ವಿಡಿಯೊ ಆಗಿರುವುದಲ್ಲ, ಅದಕ್ಕೆ ಹೇಳುವವರು ಕೇಳುವವರು ಇಲ್ಲದಿರುವುದು.

ಆದರೂ ಪಟ್ಟಿಯ ರೂಪಕದ ಬಗ್ಗೆ ನಮಗೆ ತಕರಾರಿದೆ. ‘ಅಳಿವು’ ಎಂಬ ಮಾತು ಜೀವಿಗಳ ಲೋಕದಿಂದ ಬಂದದ್ದು. ಅದರಲ್ಲಿ ಹುಲಿಯೂ ರಣಹದ್ದೂ ತಾವಾಗಿ ಅಳಿಯುತ್ತಿರುವಂತೆ ಒಂದು ಧ್ವನಿ ಇದೆ. ಕೊಂದವರ ಹೆಸರು ಹಿಂದೆ ಸರಿಯುತ್ತದೆ. ಕನ್ನಡದ ಅನುಭವ ಹಾಗಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾನಿಲಯದ ಜೊತೆಗೂಡಿ ಕಟ್ಟಿದ ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾದಲ್ಲಿ ಸಾವಿರಾರು ಕನ್ನಡ ಪುಸ್ತಕಗಳು ಚಿತ್ರರೂಪದಲ್ಲಿದ್ದವು. ಕಳೆದ ದಶಕದ ಉತ್ತರಾರ್ಧದಲ್ಲಿ ಆ ತಾಣ ಮುಚ್ಚಿತು. ಪುಸ್ತಕಗಳು ಇಂದಿಗೂ ಓದಲು ಸಿಗುವುದಾದರೆ, ಮುಚ್ಚುವ ಮೊದಲೇ ಅವುಗಳನ್ನು ನಕಲು ಮಾಡಿ ಇಂಟರ್ನೆಟ್ ಆರ್ಕೈವಿಗೆ ಸೇರಿಸಿದವರಿಂದ. ಎಲ್ಲಿ ಯಾವುದಿದೆ ಎಂದು ಕನ್ನಡದಲ್ಲಿ ಹುಡುಕಲು ಬರುವಂತೆ ಸೂಚಿ ಸಿದ್ಧಪಡಿಸಿದ ‘ಸಂಚಯ’ದಂಥ ಸ್ವಯಂಸೇವಕರಿಂದ. ಒಂದು ಕೈ ಮುಚ್ಚಿತು, ಇನ್ನೊಂದು ಕೈ ತೆರೆಯಿತು. ಪ್ರಕೃತಿಯ ಕೆಲಸ ಅಲ್ಲಿ ಏನೂ ಇರಲಿಲ್ಲ.

ಇನ್ನೊಂದು ಕೊರತೆ ಲಿಪಿಗೆ ಸಂಬಂಧಿಸಿದ್ದು. ನಮ್ಮ ಸೀಮೆಯಿಂದ ಪಟ್ಟಿಗೆ ಒಂದು ಸಾಲನ್ನು ಸೇರಿಸಬೇಕಾದರೆ ಮೊದಲು ಸೇರಿಸಬೇಕಾದದ್ದು ಇದನ್ನೇ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಮೈಸೂರು ಸೀಮೆಯ ಸಭಾಪತ್ರಿಕೆ, ಆರಾಧನಾ ಕ್ರಮ, ಜುಬಿಲಿ ಸ್ಮರಣ ಸಂಚಿಕೆ, ಹಾಡಿನ ಪುಸ್ತಕ, ಲಗ್ನಪತ್ರಿಕೆಯವರೆಗೆ ಎಲ್ಲವೂ ಸಿದ್ಧವಾದದ್ದು ಪಟ್ಟಣದ ಡಿ.ಟಿ.ಪಿ. ಅಂಗಡಿಗಳಲ್ಲಿ. ಪೇಜ್‌ಮೇಕರ್ ತಂತ್ರಾಂಶದಲ್ಲಿ ಪುಟ ಕಟ್ಟಿ, ನುಡಿ, ಬರಹ, ಶ್ರೀಲಿಪಿ ಇವುಗಳಲ್ಲಿ ಒಂದರ ಅಕ್ಷರವಿನ್ಯಾಸದಲ್ಲಿ ಬೆರಳಚ್ಚು ಮಾಡುತ್ತಿದ್ದರು. ಕನ್ನಡಕ್ಕೆ ಯೂನಿಕೋಡಿನಲ್ಲಿ 1991ರಿಂದಲೇ ಸ್ಥಾನವಿದ್ದರೂ ಅಂಗಡಿಗಳಿಗೆ ಅದು ಬಂದು ಮುಟ್ಟಿದ್ದು ಬಹಳ ತಡವಾಗಿ. ಹಳೆಯ ವಿನ್ಯಾಸಗಳಲ್ಲಿ ಕನ್ನಡದ ಚಿತ್ರಗಳನ್ನು ಇಂಗ್ಲಿಷ್ ಅಕ್ಷರಗಳಿಗೂ ಯೂರೋಪಿನ ಇತರ ಭಾಷೆಗಳ ಚಿಹ್ನೆಗಳಿಗೂ ಮೀಸಲಾದ ಸ್ಥಾನಗಳಲ್ಲಿ ಕೂರಿಸಲಾಗಿತ್ತು. ಆ ಫಾಂಟು ಇಲ್ಲದ ಯಂತ್ರದಲ್ಲಿ ಫೈಲು ತೆರೆದರೆ ಕೊಂಬು ಕಿರೀಟಗಳನ್ನು ಹೊತ್ತ ಲ್ಯಾಟಿನ್ ಅಕ್ಷರಗಳ ಸಾಲುಗಳು ಕಾಣುತ್ತವೆ, ಕನ್ನಡ ಕಾಣುವುದಿಲ್ಲ. ಪೇಜ್‌ಮೇಕರ್ ಫೈಲುಗಳನ್ನು ಅದೇ ಅಡೋಬಿ ಸಂಸ್ಥೆಯ ಇನ್‌ಡಿಸೈನ್ ತಂತ್ರಾಂಶವು ಸಿ.ಎಸ್. 6 ಆವೃತ್ತಿಯವರೆಗೆ ತೆರೆಯುತ್ತಿತ್ತು, ಆಮೇಲಿನವು ತೆರೆಯುವುದಿಲ್ಲ. ಹೀಗೆ ಫೈಲು ಇದ್ದೂ ಪಠ್ಯವಿಲ್ಲದ ಸ್ಥಿತಿ ಒದಗಿದೆ. ಇಂಗ್ಲಿಷಿನಲ್ಲಿ ಬರೆದ 1998ರ ಪತ್ರವೊಂದನ್ನು ಇಂದು ಹೇಗೋ ಓದಬಹುದು. ಅದೇ ವರ್ಷದ ಕನ್ನಡ ಪತ್ರ ನಮಗೆ ಅನ್ಯಭಾಷೆಯಾಗಿ ತೋರುತ್ತದೆ. ಪರಿವರ್ತಕಗಳು ಇವೆ, ಕೆಲಸ ಮಾಡುತ್ತವೆ. ಆದರೆ ಯಾವ ಫೈಲು ಯಾವ ವಿನ್ಯಾಸದಲ್ಲಿತ್ತೆಂದು ಬಲ್ಲವರು ಬೇಕು, ಒತ್ತಕ್ಷರ ಅರ್ಕಾವೊತ್ತುಗಳು ತಪ್ಪಿದಲ್ಲಿ ತಿದ್ದುವ ಕಣ್ಣು ಬೇಕು. ಹಾಡಿನ ಪುಸ್ತಕದಲ್ಲಿ ಒಂದು ಒತ್ತು ತಪ್ಪಿದರೆ ಸಭೆ ಹಾಡುವ ಅರ್ಥವೇ ತಪ್ಪೀತು ಎಂಬುದನ್ನು ಪಾಲಕರಿಗೆ ನಾವು ವಿವರಿಸಬೇಕಾಗಿಲ್ಲ.

ಗುರುತಿಸದೆ ಕಾಯುವುದು ಸಾಧ್ಯವಿಲ್ಲ ಎಂಬುದನ್ನು ಈ ಎರಡು ತಾಲ್ಲೂಕುಗಳಷ್ಟು ಚೆನ್ನಾಗಿ ಹೇಳಬಲ್ಲ ನೆಲ ಕಡಿಮೆ. ಲಂಡನ್ ಮಿಷನ್ನಿನ ಮಿಷನರಿಯೊಬ್ಬರ ಮಗನಾಗಿ 1837ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಬಿ. ಎಲ್. ರೈಸ್ ಅವರು ಎಪಿಗ್ರಾಫಿಯಾ ಕರ್ನಾಟಿಕಾದ ಮೂರನೆಯ ಸಂಪುಟವನ್ನು 1894ರಲ್ಲಿ ಪ್ರಕಟಿಸಿದಾಗ ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ಶಾಸನಗಳು ಅದರಲ್ಲಿ ಸೇರಿದವು. ಅವರು ಮಾಡಿದ ದೊಡ್ಡ ಕೆಲಸ ಪ್ರತಿಯೊಂದು ಕಲ್ಲಿಗೂ ತಾಲ್ಲೂಕಿನ ಹೆಸರಿನಡಿ ಒಂದು ಸಂಖ್ಯೆ ಕೊಟ್ಟದ್ದು, ಅದು ಯಾವ ಊರಿನ ಯಾವ ಗುಡಿಯ ಯಾವ ಮಗ್ಗುಲಲ್ಲಿ ನಿಂತಿದೆಯೆಂದು ಬರೆದದ್ದು. ದನ ಕಟ್ಟುವ ಕಲ್ಲು, ಬಟ್ಟೆ ಒಗೆಯುವ ಕಲ್ಲು ಅಂದಿನಿಂದ ‘ನಂಜನಗೂಡು ಇಂತಿಷ್ಟು’ ಆಯಿತು. 1970ರ ದಶಕದಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನು ಹೊರತಂದಾಗ ಹುಡುಕಾಟಕ್ಕೆ ಆ ಸಂಖ್ಯೆಯೇ ದಾರಿದೀಪವಾಯಿತು. ಕಲ್ಲು ಕಳೆದುಹೋದರೂ ಏನು ಕಳೆಯಿತೆಂದು ಹೇಳಲು ಬರುತ್ತದೆ. ನಮ್ಮ ಸಭೆಗಳ ಡಿಜಿಟಲ್ ಸಾಮಗ್ರಿಗೆ ಅಂಥ ಸಂಖ್ಯೆಯೂ ಇಲ್ಲ, ಸ್ಥಳದ ಹೆಸರೂ ಇಲ್ಲ. ನಾಳೆ ಅದು ಹೋದರೆ ಹೋಯಿತೆಂಬುದೂ ನಮಗೆ ತಿಳಿಯದು.

ತಿ. ನರಸೀಪುರದ ನೆಲ ಮತ್ತೊಂದು ಪಾಠವನ್ನೂ ಕೊಡುತ್ತದೆ. 1959–60 ಮತ್ತು 1961–62ರಲ್ಲಿ ಪ್ರಾಧ್ಯಾಪಕ ಎಂ. ಶೇಷಾದ್ರಿಯವರು ಅಲ್ಲಿ ಉತ್ಖನನ ನಡೆಸಿ ನವಶಿಲಾಯುಗದ ಮಡಕೆಗಳನ್ನೂ ಸಮಾಧಿಗಳನ್ನೂ ಬೆಳಕಿಗೆ ತಂದರು. ಅದೇ ತಾಲ್ಲೂಕಿನ ತಲಕಾಡಿನಲ್ಲಿ ಮರಳು ಗುಡಿಗಳನ್ನು ಮುಚ್ಚಿಕೊಂಡು ಕಾಯ್ದಿದೆ. ಮಣ್ಣೂ ಮರಳೂ ಯಾರ ಅಪ್ಪಣೆಯಿಲ್ಲದೆ, ಯಾರ ಗಮನವಿಲ್ಲದೆ ಸಾವಿರಾರು ವರ್ಷ ಕಾಯಬಲ್ಲವು. ಡಿಜಿಟಲ್ ಸಾಮಗ್ರಿಗೆ ಆ ಭಾಗ್ಯವಿಲ್ಲ. ಮರೆತು ಬಿಟ್ಟ ಮಡಕೆ ಉಳಿಯುತ್ತದೆ, ಮರೆತು ಬಿಟ್ಟ ಹಾರ್ಡ್‌ಡಿಸ್ಕು ಕೆಲವೇ ವರ್ಷಗಳಲ್ಲಿ ಸುಮ್ಮನಾಗುತ್ತದೆ. ಅಲ್ಮೆರಾದಲ್ಲಿಟ್ಟು ಬೀಗ ಹಾಕಿದೆವು, ಆದ್ದರಿಂದ ಭದ್ರವಾಗಿದೆ ಎಂಬ ನಮ್ಮ ಸಭಾ ಕಚೇರಿಗಳ ತರ್ಕವು ರಿಜಿಸ್ಟರಿಗೆ ಸರಿ, ಸಿ.ಡಿ.ಗೆ ಸರಿಯಲ್ಲ.

ಇಲ್ಲಿ ಪ್ರವಾದಿ ಯೆರೆಮೀಯನ ಗ್ರಂಥದ ಎರಡು ಅಧ್ಯಾಯಗಳನ್ನು ಒಟ್ಟಿಗೆ ಓದುವುದು ಅವಶ್ಯವೆಂದು ನಮಗೆ ತೋರುತ್ತದೆ. 36ನೆಯ ಅಧ್ಯಾಯದಲ್ಲಿ ಬಾರೂಕನು ಪ್ರವಾದಿಯ ಬಾಯಿಂದ ಕೇಳಿ ಬರೆದ ಸುರುಳಿಯನ್ನು ಅರಸನಾದ ಯೆಹೋಯಾಕೀಮನ ಮುಂದೆ ಓದಲಾಗುತ್ತದೆ. ಚಳಿಗಾಲ, ಮುಂದೆ ಅಗ್ಗಿಷ್ಟಿಕೆ. ಮೂರು ನಾಲ್ಕು ಅಂಕಣ ಓದಿದಂತೆಲ್ಲ ಅರಸನು ಲೇಖಕನ ಚೂರಿಯಿಂದ ಕತ್ತರಿಸಿ ಬೆಂಕಿಗೆ ಹಾಕುತ್ತಾನೆ. ಒಂದೇ ಪ್ರತಿ ಇತ್ತು, ಅದು ಸುಟ್ಟುಹೋಯಿತು. ಪ್ರವಾದಿಯೂ ಲೇಖಕನೂ ಬದುಕಿದ್ದುದರಿಂದ ಮತ್ತೆ ಬರೆಯಲಾಯಿತು, ಇನ್ನಷ್ಟು ಮಾತು ಸೇರಿತು. 32ನೆಯ ಅಧ್ಯಾಯವು ಪುಟದಲ್ಲಿ ಮುಂಚೆ ಬಂದರೂ ಕಾಲದಲ್ಲಿ ಸುಮಾರು 17 ವರ್ಷ ತರುವಾಯದ್ದು. ಯೆರೂಸಲೇಮಿಗೆ ಬಾಬೆಲಿನವರ ಮುತ್ತಿಗೆ, ಪ್ರವಾದಿ ಸೆರೆಯಲ್ಲಿದ್ದಾನೆ. ಅಂಥ ಹೊತ್ತಿನಲ್ಲಿ ಅವನು ಅನಾತೋತಿನ ಹೊಲವನ್ನು ಹನಮೇಲನಿಂದ 17 ಶೆಕೆಲಿಗೆ ಕೊಂಡು, ಸಾಕ್ಷಿಗಳ ಮುಂದೆ ಪತ್ರ ಬರೆದು, ಮುದ್ರೆ ಹಾಕಿದ ಪ್ರತಿಯನ್ನೂ ಮುಚ್ಚದ ಪ್ರತಿಯನ್ನೂ ಬಾರೂಕನ ಕೈಗೆ ಕೊಟ್ಟು, ಬಹುಕಾಲ ಉಳಿಯುವಂತೆ ಮಣ್ಣಿನ ಪಾತ್ರೆಯಲ್ಲಿಡಲು ಹೇಳುತ್ತಾನೆ.

ವ್ಯಾಖ್ಯಾನಕಾರರು ಇಲ್ಲಿ ಹೊಲ ಕೊಂಡ ನಿರೀಕ್ಷೆಯನ್ನು ಎತ್ತಿ ಹೇಳುತ್ತಾರೆ, ಅದು ಸರಿಯೇ. ನಾವು ಬಾರೂಕನನ್ನು ನೋಡುತ್ತೇವೆ. ಒಂದೇ ಪ್ರತಿಯ ಸುರುಳಿ ಉರಿದುದನ್ನು ಅನುಭವಿಸಿದ ಆ ಲೇಖಕನ ಕೈಗೇ ಈ ಸಲ ಎರಡು ಪ್ರತಿಗಳು ಬರುತ್ತವೆ. ಅಂಥ ಕ್ರಯಪತ್ರಕ್ಕೆ ಎರಡು ಪ್ರತಿ ಇರುವುದು ಆ ಕಾಲದ ವ್ಯವಹಾರದ ಕ್ರಮವೇ ಆಗಿದ್ದಿರಬಹುದು. ಗ್ರಂಥ ಅದನ್ನು ಬಾರೂಕನ ಹಳೆಯ ನೋವಿಗೆ ಜೋಡಿಸಿ ಹೇಳುವುದಿಲ್ಲ, ಜೋಡಿಸಿ ಓದುವುದು ನಮ್ಮ ಕೆಲಸ. ಹಾಗೆ ಓದಿದಾಗ ಇಂದಿನ ದಾಖಲೆ ಭಂಡಾರದವರು ನಿಯಮವಾಗಿ ಪಾಲಿಸುವ ಎಲ್ಲವೂ ಆ ಒಂದು ಪ್ರಕರಣದಲ್ಲಿ ಕಾಣುತ್ತವೆ: ಯಾರು, ಯಾವಾಗ, ಎಷ್ಟಕ್ಕೆ, ಯಾರ ಸಾಕ್ಷಿಯಲ್ಲಿ ಎಂಬ ವಿವರ, ಕೈ ಹಾಕದಂತೆ ಮುಚ್ಚಿಟ್ಟ ಮೂಲಪ್ರತಿ, ನೋಡುವವರಿಗೆಂದು ತೆರೆದಿಟ್ಟ ಇನ್ನೊಂದು, ಹೊಣೆ ಹೊತ್ತ ಒಬ್ಬ ಹೆಸರುಳ್ಳ ಮನುಷ್ಯ. ಎರಡು ಅಧ್ಯಾಯಗಳು ಎರಡು ಬಗೆಯ ಅಪಾಯವನ್ನು ತೋರಿಸುತ್ತವೆ. ಒಂದು ಅಧಿಕಾರದ ಬೆಂಕಿ, ಇನ್ನೊಂದು ಕಾಲದ ಮುತ್ತಿಗೆ. ಮೊದಲನೆಯದಕ್ಕೆ ಮದ್ದು ಬದುಕಿರುವ ಬಾಯಿ, ಎರಡನೆಯದಕ್ಕೆ ಪಾತ್ರೆ. 2020ರ ಪ್ರಸಂಗಗಳ ವಿಷಯದಲ್ಲಿ ಮಾತಾಡಿದವರಲ್ಲಿ ಅನೇಕರು ಇನ್ನೂ ಸೇವೆಯಲ್ಲಿದ್ದಾರೆ. ಫೈಲು ಹೋಗಿದ್ದರೂ ಕೇಳಿ ಬರೆದುಕೊಳ್ಳಬಹುದಾದ ಅವಧಿ ನಮಗೆ ಉಳಿದಿದೆ. ಅದು ಉದ್ದವಾದ ಅವಧಿಯಲ್ಲ.

ಇದಕ್ಕೆ ಸಭೆಯೊಳಗಿಂದ ಒಂದು ಆಕ್ಷೇಪಣೆ ಬರುತ್ತದೆ, ಅದು ಭಕ್ತಿಯ ಮಾತಿನಲ್ಲಿಯೇ ಬರುತ್ತದೆ. ದೇವರ ವಾಕ್ಯವು ಜೀವವುಳ್ಳದ್ದು, ಪವಿತ್ರಾತ್ಮನು ಪ್ರತಿ ಭಾನುವಾರವೂ ಹೊಸದಾಗಿ ಮಾತಾಡುತ್ತಾನೆ, ಹೋದ ವರ್ಷದ ಪ್ರಸಂಗವನ್ನು ಕಾದಿಡುವುದು ಮಾರನೆಯ ದಿನಕ್ಕೆ ಮನ್ನವನ್ನು ಉಳಿಸಿಕೊಂಡಂತೆ, ಹುಳು ಬೀಳುತ್ತದೆ ಎಂದು. ಮಾತು ಸೊಗಸಾಗಿದೆ. ಆದರೆ ಅದೇ ಪ್ರಕರಣದಲ್ಲಿ, ವಿಮೋಚನಕಾಂಡದ 16ನೆಯ ಅಧ್ಯಾಯದ ಕೊನೆಯಲ್ಲಿ, ಒಂದು ಓಮೆರಿನಷ್ಟು ಮನ್ನವನ್ನು ಪಾತ್ರೆಯಲ್ಲಿ ಹಾಕಿ ಮುಂದಿನ ತಲೆಮಾರುಗಳಿಗಾಗಿ ಯೆಹೋವನ ಸನ್ನಿಧಿಯಲ್ಲಿ ಇಡಬೇಕೆಂಬ ಅಪ್ಪಣೆಯೂ ಇದೆ. ತಿನ್ನಲಿಕ್ಕೆ ಕೂಡಿಟ್ಟದ್ದು ಕೆಟ್ಟಿತು, ಸಾಕ್ಷಿಗೆ ಇಟ್ಟದ್ದು ಉಳಿಯಿತು. ಎಲ್ಲವನ್ನೂ ಇಡೆಂದು ಅಲ್ಲಿ ಹೇಳಿಲ್ಲ, ಒಂದು ಓಮೆರು ಸಾಕೆಂದಿದೆ. ಯೋಹಾನನ ಸುವಾರ್ತೆಯ 6ನೆಯ ಅಧ್ಯಾಯದಲ್ಲಿ ಉಳಿದ ತುಂಡುಗಳನ್ನು ಕೂಡಿಸಲು ಕರ್ತನು ಹೇಳಿದ್ದು ಸಹ ಜನ ತಿಂದು ತೃಪ್ತರಾದ ಮೇಲೆ. ಆಕ್ಷೇಪಣೆಯ ಹಿಂದೆ ಇನ್ನೊಂದು ಕಾರಣವೂ ಅಡಗಿದೆಯೆಂದು ನಮಗೆ ಅನುಮಾನ: ಹಳೆಯ ಪ್ರಸಂಗ ಉಳಿದರೆ ಅದನ್ನೇ ಮತ್ತೆ ಮಾಡುವುದು ಕಷ್ಟ.

ಹೆಚ್ಚು ತೂಕದ ಪ್ರಶ್ನೆ ಯಾರದನ್ನು ಉಳಿಸುತ್ತೇವೆ ಎಂಬುದು. 17ನೆಯ ಶತಮಾನದಲ್ಲಿ ಶ್ರೀರಂಗಪಟ್ಟಣದಿಂದ ದುಡಿದ ಯೇಸುಸಭೆಯವರ ವರದಿಗಳು ರೋಮಿನಲ್ಲಿ ಉಳಿದಿವೆ. ಬಾಸೆಲ್ ಮಿಷನ್ನಿನ ಪತ್ರಗಳೂ ಛಾಯಾಚಿತ್ರಗಳೂ ಬಾಸೆಲಿನಲ್ಲಿವೆ, ಛಾಯಾಚಿತ್ರಗಳನ್ನು ಜಾಲತಾಣದಲ್ಲಿಯೇ ನೋಡಬಹುದು. ಮೈಸೂರು ಸೀಮೆಯಲ್ಲಿ ಸೇವೆ ಮಾಡಿದ ವೆಸ್ಲಿಯನ್ ಮಿಷನ್ನಿನ ದಾಖಲೆಗಳು ಲಂಡನ್ನಿನ ಸೋಆಸ್ ಗ್ರಂಥಾಲಯದಲ್ಲಿವೆ. ಅವರು ಬರೆದರು, ಕಳುಹಿಸಿದರು, ಕಳುಹಿಸಿದಲ್ಲಿ ಇಟ್ಟುಕೊಳ್ಳುವವರಿದ್ದರು. ಅದೇ ಹಳ್ಳಿಗಳಲ್ಲಿ ನಡೆದು ನಡೆದು ಕಾಲು ಸವೆಸಿದ ಉಪದೇಶಕರ, ಸತ್ಯವೇದ ಸ್ತ್ರೀಯರ ಸ್ವಂತ ಮಾತು ಆ ಪೆಟ್ಟಿಗೆಗಳಲ್ಲಿ ವಿರಳ. ಅವರು ಅಲ್ಲಿ ಮಿಷನರಿಯ ವರದಿಯೊಳಗಿನ ಒಂದು ವಾಕ್ಯವಾಗಿ ಬರುತ್ತಾರೆ. ಇದನ್ನು ನಾವು ತರಗತಿಗಳಲ್ಲಿ ಬಹಳ ಟೀಕಿಸುತ್ತೇವೆ. ಆದರೆ ಈಗ ಪೆಟ್ಟಿಗೆ ನಮ್ಮ ಕೈಯಲ್ಲಿದೆ. ಧರ್ಮಪ್ರಾಂತದ ಸಮಾರಂಭಗಳ, ಬಿಷಪರ ಭೇಟಿಗಳ, ಕಟ್ಟಡ ಪ್ರತಿಷ್ಠೆಗಳ ವಿಡಿಯೊಗಳು ಒಳ್ಳೆಯ ಗುಣಮಟ್ಟದಲ್ಲಿ ಉಳಿಯುತ್ತಿವೆ. ಹಳ್ಳಿಯ ತಾಯಿಯೊಬ್ಬಳು 2020ರ ಏಪ್ರಿಲಿನಲ್ಲಿ ಗುಂಪಿಗೆ ಕಳುಹಿಸಿದ ಎರಡು ನಿಮಿಷದ ಪ್ರಾರ್ಥನೆಯನ್ನು ಉಳಿಸಬೇಕೆಂದು ಯಾವ ಸಮಿತಿಯೂ ಠರಾವು ಮಾಡುವುದಿಲ್ಲ. ಮಿಷನರಿಗಳ ಕಾಲದ ಮೌನಕ್ಕೆ ಕಾಗದದ ಬೆಲೆಯೂ ಅಕ್ಷರಜ್ಞಾನದ ಕೊರತೆಯೂ ಒಂದು ಮಟ್ಟಿಗಿನ ಕಾರಣವಾದರೂ ಆಗಿದ್ದವು. ಇಂದಿನ ಮೌನಕ್ಕೆ ಆ ನೆಪವಿಲ್ಲ: ಅವಳ ಧ್ವನಿಯೇ ದಾಖಲಾಗಿತ್ತು.

ಹಾಗೆಂದು ಅವಳ ಧ್ವನಿಯನ್ನು ಕೇಳದೆ ಎತ್ತಿಡುವ ಹಕ್ಕು ನಮಗಿದೆಯೆ? ಬಿಟ್ ಲಿಸ್ಟನ್ನು ದೈವಶಾಸ್ತ್ರದಿಂದ ಓದಬೇಕಾದ ಮುಖ್ಯ ಸ್ಥಳ ಇದು. ಅದರ ದರ್ಜೆಗಳು ಅಳೆಯುವುದು ಸಾಮಗ್ರಿಗೆ ಇರುವ ಅಪಾಯವನ್ನು. ಸಾಮಗ್ರಿಯಿಂದ ಮನುಷ್ಯರಿಗೆ ಬರುವ ಅಪಾಯವನ್ನು ಅಳೆಯಲು ಆ ದರ್ಜೆಗಳನ್ನು ಮಾಡಿದ್ದಲ್ಲ. ನಮ್ಮ ಸೀಮೆಯಲ್ಲಿ ಎರಡನೆಯದೇ ಕೆಲವೊಮ್ಮೆ ಹೆಚ್ಚು. 1950ರ ಪರಿಶಿಷ್ಟ ಜಾತಿಗಳ ಆದೇಶವು ಕ್ರೈಸ್ತರಾದ ದಲಿತರಿಗೆ ಆ ಸ್ಥಾನಮಾನವನ್ನು ನಿರಾಕರಿಸುತ್ತದೆ. 2024ರ ನವೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯವು ಪುದುಚೇರಿಯ ಪ್ರಕರಣವೊಂದರಲ್ಲಿ ಜಾತಿ ಪ್ರಮಾಣಪತ್ರದ ಬೇಡಿಕೆಯನ್ನು ತಳ್ಳಿಹಾಕಿದಾಗ ಅರ್ಜಿದಾರರ ದೀಕ್ಷಾಸ್ನಾನದ ಸಂಗತಿಯೂ ಪರಿಗಣನೆಗೆ ಬಂದಿತು. ಕರ್ನಾಟಕದಲ್ಲಿ 2022ರ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣಾ ಅಧಿನಿಯಮವು ಮತಾಂತರಕ್ಕೆ ಮುಂಚೆ ಜಿಲ್ಲಾ ದಂಡಾಧಿಕಾರಿಗೆ ಘೋಷಣೆ ಸಲ್ಲಿಸಬೇಕೆಂದು ವಿಧಿಸಿತು. ಅದನ್ನು ಹಿಂತೆಗೆದುಕೊಳ್ಳಲು 2023ರ ಜೂನಿನಲ್ಲಿ ರಾಜ್ಯದ ಸಚಿವ ಸಂಪುಟ ತೀರ್ಮಾನಿಸಿತು. ಕಾನೂನು ಬರುತ್ತದೆ, ಹೋಗುತ್ತದೆ; ಉಪವಾಸ ಪ್ರಾರ್ಥನೆಯಲ್ಲಿ ನಿಂತು ತನ್ನ ಬದುಕಿನ ಸಾಕ್ಷಿ ಹೇಳಿದವಳ ವಿಡಿಯೊ ಮಾತ್ರ ಯೂಟ್ಯೂಬಿನಲ್ಲಿ ಹೆಸರು, ಮುಖ, ಊರು ಸಮೇತ ಉಳಿದಿರುತ್ತದೆ. ಹಿಂದೆ ಸಾಕ್ಷಿಯನ್ನು ಕೇಳಿದ ನಲವತ್ತು ಮಂದಿ ಅದನ್ನು ಹೊತ್ತು ಮನೆಗೆ ಹೋಗುತ್ತಿದ್ದರು. ಈಗ ಅದನ್ನು ಯಾರು ಯಾವ ಉದ್ದೇಶದಿಂದ ನೋಡುತ್ತಾರೆಂದು ಹೇಳಬಲ್ಲವರಿಲ್ಲ.

ದೇವರ ಸ್ಮರಣೆಯ ಕುರಿತು ಸತ್ಯವೇದವು ಹೇಳುವುದರಲ್ಲಿ ಮರೆವಿಗೂ ಸ್ಥಾನವಿದೆ. ಯೆರೆಮೀಯನ 31ನೆಯ ಅಧ್ಯಾಯದಲ್ಲಿ ಹೊಸ ಒಡಂಬಡಿಕೆಯ ಲಕ್ಷಣವೇ ದೇವರು ಪಾಪವನ್ನು ಇನ್ನು ನೆನಪಿಗೆ ತಂದುಕೊಳ್ಳದಿರುವುದು. ಮೀಕನು ಅದನ್ನು ಸಮುದ್ರದ ಆಳಕ್ಕೆ ಎಸೆಯುವ ದೇವರನ್ನು ಕಾಣುತ್ತಾನೆ. ಹೊಸ ಒಡಂಬಡಿಕೆಯ ಸಭೆಯು ಎಲ್ಲವನ್ನೂ ನೆನಪಿಟ್ಟುಕೊಳ್ಳುವ ಯಂತ್ರವಾಗಲಾರದು. ಶಿಸ್ತುಕ್ರಮದ ಪತ್ರ, ಕುಟುಂಬದ ಜಗಳದ ಬಗ್ಗೆ ಪಾಲಕರಿಗೆ ಬಂದ ಧ್ವನಿ ಸಂದೇಶ, ಮನಸ್ಸು ಬಿಚ್ಚಿ ಮಾಡಿದ ಅರಿಕೆ, ಇವು ಅಳಿಯುವುದೇ ಸರಿ, ಅಳಿಯದಿದ್ದರೆ ಅಳಿಸಬೇಕು. ಗುರುತಿಸುವ ಕೆಲಸಕ್ಕೆ ಆದುದರಿಂದ ಎರಡು ಮುಖಗಳಿವೆ. ಉಳಿಯಬೇಕಾದುದನ್ನು ಗುರುತಿಸುವವನೇ ಉಳಿಯಬಾರದ್ದನ್ನೂ ಗುರುತಿಸಬೇಕು, ಮತ್ತು ಎರಡನ್ನೂ ಆ ಧ್ವನಿಯ ಒಡೆಯರನ್ನು ಕೇಳಿಯೇ ಮಾಡಬೇಕು. ಯೆರೆಮೀಯನ ಮುದ್ರೆ ಹಾಕಿದ ಪ್ರತಿ ಇಲ್ಲಿಯೂ ಉಪಯೋಗಕ್ಕೆ ಬರುತ್ತದೆ: ಕೆಲವನ್ನು ಮುಚ್ಚಿಟ್ಟು, ಹೇಳಿದವರ ಆಯುಷ್ಯ ಮುಗಿಯುವವರೆಗೆ ತೆರೆಯದಿರುವುದು ಸಾಧ್ಯ. ದಾಖಲೆ ಭಂಡಾರಗಳಲ್ಲಿ ಇದು ಹೊಸ ಪದ್ಧತಿಯೇನಲ್ಲ. ನಮ್ಮ ಸಭೆಗಳಲ್ಲಿ ಮಾತ್ರ ಇಡುವುದೆಂದರೆ ಯೂಟ್ಯೂಬಿಗೆ ಏರಿಸುವುದು ಎಂಬ ಭಾವನೆ ಬೇರೂರಿದೆ. ಏರಿಸುವುದು ಪ್ರಕಟಣೆ. ಇಡುವುದು ಬೇರೆ.

ಇನ್ನು ಇಡುವ ಸ್ಥಳದ ಮಾತು. ಒಂದು ಪ್ರತಿ ನಂಜನಗೂಡಿನ ಸಭಾ ಕಚೇರಿಯಲ್ಲಿ, ಇನ್ನೊಂದು ತಿ. ನರಸೀಪುರದಲ್ಲಿ ಎಂದರೆ ಎರಡಾದವೆಂದು ತೋರುತ್ತದೆ. 2018ರಲ್ಲಿಯೂ 2019ರಲ್ಲಿಯೂ ಆಗಸ್ಟ್ ತಿಂಗಳಲ್ಲಿ ಕಬಿನಿ ಜಲಾಶಯದಿಂದ ಬಿಟ್ಟ ನೀರು ನಂಜನಗೂಡಿನ ತಗ್ಗಿನ ಬೀದಿಗಳಿಗೆ ನುಗ್ಗಿದ್ದನ್ನು ಬಲ್ಲವರಿಗೆ ಆ ಲೆಕ್ಕ ತಪ್ಪೆಂದು ಹೊಳೆಯುತ್ತದೆ. ಅದೇ ಕಪಿಲೆ ಕೆಳಗೆ ಹರಿದು ತಿರುಮಕೂಡಲಿನಲ್ಲಿ ಕಾವೇರಿಯನ್ನು ಸೇರುತ್ತಾಳೆ. ಒಂದೇ ನದಿಯ ಮೇಲಿನ ಎರಡು ಪ್ರತಿಗಳು ಪ್ರವಾಹದ ಮುಂದೆ ಒಂದೇ ಪ್ರತಿ. ಮೂರನೆಯದು ಮಂಗಳೂರಿನಲ್ಲಿಯೋ ಬೆಂಗಳೂರಿನಲ್ಲಿಯೋ ಸೆಮಿನರಿಯ ದಾಖಲೆ ಭಂಡಾರದಲ್ಲಿರಬೇಕು, ಅದರ ಹೊಣೆ ವ್ಯಕ್ತಿಗಲ್ಲದೆ ಹುದ್ದೆಗೆ ಅಂಟಿರಬೇಕು. ವರ್ಷಕ್ಕೊಮ್ಮೆ ಮೂರನ್ನೂ ತೆರೆದು ಹೋಲಿಸಿ ನೋಡುವುದಕ್ಕೆ ಚೆಕ್‌ಸಮ್ ಎಂಬ ಸರಳ ಉಪಾಯವಿದೆ: ಫೈಲಿನಿಂದ ಲೆಕ್ಕ ಹಾಕಿ ತೆಗೆದ ಒಂದು ಅಂಕಿಯನ್ನು ಮೊದಲೇ ಬರೆದಿಟ್ಟು, ಆಮೇಲೆ ಮತ್ತೆ ತೆಗೆದಾಗ ಅದೇ ಬಂದರೆ ಫೈಲು ಕೆಟ್ಟಿಲ್ಲ. ಕಾಣಿಕೆ ಎಣಿಸಿದ ಮೇಲೆ ಇಬ್ಬರು ಹಿರಿಯರು ಬೇರೆ ಬೇರೆಯಾಗಿ ಮೊತ್ತ ಬರೆದು ಹೋಲಿಸುವ ರೂಢಿಯಿರುವ ಸಭೆಗಳಿಗೆ ಇದನ್ನು ಕಲಿಸುವುದು ಕಷ್ಟವಾಗದು.

ಇಷ್ಟಕ್ಕೂ ದೊಡ್ಡ ಯೋಜನೆಯಾಗಲಿ ವಿದೇಶದ ಅನುದಾನವಾಗಲಿ ಬರುವವರೆಗೆ ಕಾಯಬೇಕಾಗಿಲ್ಲ. ನಮ್ಮ ಸೆಮಿನರಿಗಳ ವಿದ್ಯಾರ್ಥಿಗಳು ಸೇವಾನುಭವಕ್ಕಾಗಿ ಸಭೆಗಳಿಗೆ ಹೋಗಿ ಕೆಲವು ತಿಂಗಳು ಇದ್ದು ಬರುತ್ತಾರೆ. ಹಿಂದಿರುಗಿದ ಮೇಲೆ ವರದಿ ಒಪ್ಪಿಸುತ್ತಾರೆ. ಆ ವರದಿಗಳಲ್ಲಿ ಸಭೆಯ ಇತಿಹಾಸವೆಂಬ ಒಂದು ಭಾಗವಿರುತ್ತದೆ, ಅದು ಸಾಮಾನ್ಯವಾಗಿ ಮೂಲೆಗಲ್ಲಿನ ಮೇಲಿನ ಬರಹದ ನಕಲು. ಅದರ ಬದಲು ಒಂದು ನೋಟ್‌ಬುಕ್ಕಿನಲ್ಲಿ ಆ ಸಭೆಯ ಡಿಜಿಟಲ್ ಸಾಮಗ್ರಿಯ ಯಾದಿಯನ್ನು, ರೈಸ್ ಅವರು ಕಲ್ಲುಗಳಿಗೆ ಮಾಡಿದಂತೆ, ಸಂಖ್ಯೆ ಕೊಟ್ಟು ಬರೆದು ತರಲಿ: ಏನಿದೆ, ಯಾವ ಯಂತ್ರದಲ್ಲಿ ಯಾವ ಖಾತೆಯಲ್ಲಿದೆ, ಯಾವ ಅಕ್ಷರವಿನ್ಯಾಸ, ಯಾರ ಧ್ವನಿ, ಅವರನ್ನು ಕೇಳಿದೆವೆ, ಏನೆಂದರು. ಊರಿನ ಡಿ.ಟಿ.ಪಿ. ಅಂಗಡಿಯವರ ಬಳಿ ಹಳೆಯ ಕಂಪ್ಯೂಟರು ಇನ್ನೂ ಮೂಲೆಯಲ್ಲಿದೆಯೇ ಎಂದೂ ವಿಚಾರಿಸಲಿ. ಗುಜರಿಗೆ ಹೋಗುವ ಮುನ್ನ ಅದನ್ನು ಒಮ್ಮೆ ಹೊತ್ತಿಸಿ ನೋಡಬೇಕು. 2020ರ ವಾಟ್ಸಾಪ್ ಗುಂಪಿನಲ್ಲಿ ಆಗ ಇದ್ದವರ ಪೈಕಿ ಯಾರು ಇನ್ನೂ ಅದೇ ಫೋನು ಬಳಸುತ್ತಿದ್ದಾರೆಂಬುದನ್ನು ಹೋದ ಮೊದಲ ವಾರದಲ್ಲಿಯೇ ಕೇಳಲಿ. ವಯಸ್ಸಾದವರು ಫೋನನ್ನು ಬೇಗ ಬದಲಿಸುವುದಿಲ್ಲ, ಆದುದರಿಂದ ಮೊದಲು ಹೋಗಬೇಕಾದದ್ದು ಅವರ ಮನೆಗೆ.